‘ರಕ್ತ ತೆಳು ಮಾಡುವ ಮಾತ್ರೆ’: ನಿಮ್ಮ ಕಡೆ ಇದಕ್ಕೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ನಾನು ಮಂಗಳೂರಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುವವಳು. ಅದಕ್ಕೂ ಮೊದಲು ಹನ್ನೊಂದು ವರ್ಷ ವಾರ್ಡಿನಲ್ಲಿದ್ದೆ. ಈಗ ಹೃದಯದ ಮತ್ತು ಉಸಿರಾಟದ ಮದ್ದುಗಳ ಪಾಠ ನಡೆಯುತ್ತಿದೆ. ಮದ್ದಿನ ಹೆಸರು, ಡೋಸು, ಸೈಡ್ ಎಫೆಕ್ಟ್ ಎಲ್ಲ ಇಂಗ್ಲಿಷಿನಲ್ಲೇ ಕಲಿಯುತ್ತಾರೆ. ಅದರಲ್ಲಿ ತೊಂದರೆ ಇಲ್ಲ. ತೊಂದರೆ ಶುರುವಾಗುವುದು ಮಂಚದ ಪಕ್ಕ ನಿಂತು ರೋಗಿಗೆ ಹೇಳುವಾಗ. ನನ್ನ ಪ್ರಶ್ನೆ ಒಂದೇ ಮಾತಿನ ಬಗ್ಗೆ. ಆದರೆ ಅದರ ಬಾಲ ಹಿಡಿದು ಇನ್ನೆರಡು ಬಂದಿವೆ, ಸ್ವಲ್ಪ ತಾಳ್ಮೆ ಇರಲಿ.

ಬಂಟ್ವಾಳ ಕಡೆಯ ಒಬ್ಬರು ಅಜ್ಜಿ. ಹೃದಯದ ಕವಾಟ ಹಾಳಾಗಿ ಲೋಹದ ಕವಾಟ ಹಾಕಿದ್ದಾರೆ. ಅಂಥವರಿಗೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಅಸಿಟ್ರಾಮ್ ಅಥವಾ ವಾರ್ಫರಿನ್ ಕೊಡುತ್ತಾರೆ. ಅದು ಜೀವನಪೂರ್ತಿ. ಎಷ್ಟು ಕೆಲಸ ಮಾಡಿದೆ ಅಂತ ನೋಡಲು ಐಎನ್‌ಆರ್ ಅಂತ ರಕ್ತಪರೀಕ್ಷೆ. (ಅಜ್ಜಿಯ ಮೊಮ್ಮಗ ಬ್ಯಾಂಕಿನವನು. ಅವನಿಗೆ ಐಎನ್‌ಆರ್ ಅಂದರೆ ರೂಪಾಯಿ. ಮೊದಲ ಸಲ ಚೀಟಿ ನೋಡಿ ಎರಡೂವರೆ ರೂಪಾಯಿಯ ಲೆಕ್ಕ ಯಾವುದು ಅಂತ ಕೇಳಿದ್ದನಂತೆ.) ಮಾತ್ರೆ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1 ಇರುತ್ತದೆ. ಅಜ್ಜಿಗೆ 2.5ರಿಂದ 3.5ರ ನಡುವೆ ಇರಬೇಕು ಅಂತ ಡಾಕ್ಟರ್ ಬರೆದಿದ್ದರು. ತಿಂಗಳ ನಂತರ ಬಂದಾಗ 1.3.

“ಮಾತ್ರೆ ತಗೊಳ್ತಿಲ್ವಾ ಅಜ್ಜಿ?”

“ತೆಕ್ಕೊಳ್ತೇನೆ. ದಿನ ಬಿಟ್ಟು ದಿನ.”

“ಯಾಕೆ?”

“ಎಂತ ಸಿಸ್ಟರ್, ಇರುವ ರಕ್ತವೇ ಕಮ್ಮಿ ಉಂಟು. ಅದನ್ನೂ ನೀರು ಮಾಡುದಾ?”

ತಪ್ಪು ಯಾರದು? ಡಿಸ್ಚಾರ್ಜ್ ದಿನ ಅವರಿಗೆ ‘ರಕ್ತ ತೆಳು ಮಾಡುವ ಮಾತ್ರೆ’ ಅಂತ ಹೇಳಿ ಕಳಿಸಿದ್ದೆವು. ಎಲ್ಲರೂ ಹಾಗೇ ಹೇಳುತ್ತಾರೆ. ಡಾಕ್ಟರೂ, ಮೆಡಿಕಲ್ ಶಾಪಿನವರೂ, ನಾನೂ. ಆದರೆ ನಮ್ಮ ಕಡೆಯ ಅಡುಗೆಮನೆಯಲ್ಲಿ ‘ತೆಳು’ ಅಂದರೇನು? ನೀರುದೋಸೆಯ ಹಿಟ್ಟು ತೆಳು. ನೀರು ಹೊಯ್ದರೆ ತೆಳುವಾಗುತ್ತದೆ. ರಕ್ತಕ್ಕೂ ಹಾಗೇ ನೀರು ಹೊಯ್ಯುತ್ತಾರೆ ಅಂತ ಅಜ್ಜಿ ತಿಳಿದುಕೊಂಡರು. ತೆಳು ರಕ್ತ ಅಂದರೆ ಬಲ ಇಲ್ಲದ ರಕ್ತ, ಸುಸ್ತು, ಮುಖ ಬಿಳಿಚಿಕೊಳ್ಳುವುದು. ಅವರ ಲೆಕ್ಕದಲ್ಲಿ ತರ್ಕ ಸರಿಯಾಗಿಯೇ ಇದೆ.

ನಿಜ ಏನೆಂದರೆ ಈ ಮಾತ್ರೆ ರಕ್ತವನ್ನು ಒಂದು ಚೂರೂ ತೆಳು ಮಾಡುವುದಿಲ್ಲ. ರಕ್ತ ಇದ್ದ ಹಾಗೇ ಇರುತ್ತದೆ, ಹೆಪ್ಪುಗಟ್ಟುವುದು ನಿಧಾನ ಆಗುತ್ತದೆ, ಅಷ್ಟೆ. ಇಂಗ್ಲಿಷಿನವರ ‘ಬ್ಲಡ್ ಥಿನ್ನರ್’ ಅನ್ನುವ ಆಡುಮಾತು ತಪ್ಪು ಚಿತ್ರ ಕೊಡುತ್ತದೆ, ನಾವು ಅದನ್ನು ಹಾಗೇ ಎತ್ತಿಕೊಂಡು ಬಂದೆವು.

ಪುಸ್ತಕದ ಕನ್ನಡದಲ್ಲಿ ‘ಸ್ಕಂದನ’ ಅಂತ ಒಂದು ಮಾತಿದೆ. ಒಮ್ಮೆ ತರಗತಿಯಲ್ಲಿ ಹೇಳಿ ನೋಡಿದೆ. ಸುಳ್ಯದ ಹುಡುಗಿ ಕೈ ಎತ್ತಿ, “ಮೇಡಂ, ಸ್ಕಂದ ಅಂದ್ರೆ ಕುಕ್ಕೆ ಸುಬ್ರಹ್ಮಣ್ಯ ಅಲ್ವಾ?” ಅಂದಳು. ಅಲ್ಲಿಗೆ ಆ ಪದ ಮುಗಿಯಿತು.

ಹಾಗಾಗಿ ‘ಹೆಪ್ಪು’ ಹಿಡಿದುಕೊಂಡೆ. ನಾನು ಈ ಪದದ ದೊಡ್ಡ ಅಭಿಮಾನಿ. ಹಾಲಿಗೆ ಹಾಕುವ ಹೆಪ್ಪು, ರಕ್ತ ಹೆಪ್ಪುಗಟ್ಟುವುದು, ಎರಡಕ್ಕೂ ಒಂದೇ ಪದ ಇರುವುದು ನಮ್ಮ ಭಾಗ್ಯ. ಈ ಮಾತ್ರೆ ಕೆಲಸ ಮಾಡುವ ರೀತಿಗೂ ಅದು ಚೆನ್ನಾಗಿ ಹೊಂದುತ್ತದೆ. ನಮ್ಮ ಲಿವರ್ ರಕ್ತಕ್ಕೆ ಬೇಕಾದ ಹೆಪ್ಪನ್ನು ಮಾಡಿಡುತ್ತದೆ. ಅದಕ್ಕೆ ಕೆ ವಿಟಮಿನ್ ಬೇಕು. ಮಾತ್ರೆ ಆ ವಿಟಮಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಮೊದಲೇ ಮಾಡಿಟ್ಟ ಹೆಪ್ಪು ಖರ್ಚಾಗಲು ಕೆಲವು ದಿನ ಬೇಕು. ಅದಕ್ಕೇ ಮಾತ್ರೆ ನುಂಗಿದ ದಿನವೇ ಪೂರ್ತಿ ಪರಿಣಾಮ ಕಾಣುವುದಿಲ್ಲ. ಹರಿವೆಯಂಥ ಸೊಪ್ಪಿನಲ್ಲಿ ಕೆ ವಿಟಮಿನ್ ಜಾಸ್ತಿ. ಹಾಗಂತ ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ಹರಿವೆ, ಮುಂದಿನ ವಾರ ಏನೂ ಇಲ್ಲ ಅನ್ನುವ ಹಾಗೆ ಮಾಡಬಾರದು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಅಂದ ಹಾಗೆ ಕೆ ವಿಟಮಿನ್ನಿಗೆ ಆ ಅಕ್ಷರ ಬಂದದ್ದೂ ಹೆಪ್ಪಿನಿಂದಲೇ. 1930ರ ದಶಕದಲ್ಲಿ ಅದನ್ನು ಕಂಡುಹಿಡಿದ ಹೆನ್ರಿಕ್ ಡಾಮ್ ಡೆನ್ಮಾರ್ಕಿನವರು. ಅವರ ಭಾಷೆಯಲ್ಲಿ ಹೆಪ್ಪುಗಟ್ಟುವುದಕ್ಕೆ ಇರುವ ಪದ ಶುರುವಾಗುವುದು ಕೆ ಅಕ್ಷರದಿಂದ. ನಾವು ಧೈರ್ಯವಾಗಿ ಹೆಪ್ಪಿನ ವಿಟಮಿನ್ ಅನ್ನಬಹುದು.

ಇದನ್ನೆಲ್ಲ ಅಜ್ಜಿಗೆ ಹಾಲು ಮೊಸರಿನ ಲೆಕ್ಕದಲ್ಲಿ ಹೇಳಿದೆ. ಕಣ್ಣರಳಿಸಿ ಕೇಳಿದರು. ತಲೆ ಆಡಿಸಿದರು. ನನಗೆ ಖುಷಿಯೋ ಖುಷಿ. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದರು:

“ಹಾಗಾದ್ರೆ ಇನ್ನು ಮೊಸರು ತಿನ್ಲಿಕ್ಕಿಲ್ಲ ಅಲ್ವಾ?”

ಇಲ್ಲಿ ನಾನು ಸಿಕ್ಕಿಬಿದ್ದಿದ್ದೇನೆ. ಮೊಸರಿಗೂ ಈ ಮಾತ್ರೆಗೂ ಏನೂ ಸಂಬಂಧ ಇಲ್ಲ, ಧಾರಾಳ ತಿನ್ನಿ ಅಂದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಹೋಲಿಕೆ ಜಾಸ್ತಿ ಚೆನ್ನಾಗಿದ್ದರೂ ಕಷ್ಟ ಅಂತ ಆವತ್ತು ಗೊತ್ತಾಯಿತು.

‘ಗಡ್ಡೆ ಕಟ್ಟದ ಹಾಗೆ ಕೊಡುವ ಮಾತ್ರೆ’ ಅನ್ನೋಣವೆಂದರೆ ಗಡ್ಡೆ ಅಂದ ಕೂಡಲೇ ಜನ ಕ್ಯಾನ್ಸರ್ ಅಂತ ಹೆದರುತ್ತಾರೆ. ನನ್ನ ತಾಯಿ ಸಾಗರದ ಕಡೆಯವರು. ಹಾಲು ಒಡೆದರೆ ‘ಗರಣೆ ಗರಣೆ ಆಯ್ತು’ ಅನ್ನುತ್ತಿದ್ದರು. ‘ಗರಣೆ’ ಒಳ್ಳೆಯ ಪದ. ರಕ್ತದ ಗಂಟಿಗೂ ಸಲ್ಲುತ್ತದೆ, ಬೇರೆ ಅರ್ಥದ ಗೊಂದಲ ಕಡಿಮೆ. ಆದರೆ ಮಂಗಳೂರಿನ ವಾರ್ಡಿನಲ್ಲಿ ಅದನ್ನು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ನನ್ನ ಮುಖ ನೋಡುತ್ತಾರೆ.

ಇನ್ನೊಂದು ತೊಡಕು. ಹಾರ್ಟ್ ಅಟ್ಯಾಕ್ ಆದವರಿಗೆ ಕೊಡುವ ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೋಪಿಡೋಗ್ರೆಲ್, ಇವನ್ನೂ ನಾವು ‘ರಕ್ತ ತೆಳು’ ಪಟ್ಟಿಗೇ ಸೇರಿಸಿದ್ದೇವೆ. ಅವುಗಳ ದಾರಿ ಬೇರೆ. ಅವು ಹೆಪ್ಪಿನ ತಂಟೆಗೆ ಹೋಗುವುದಿಲ್ಲ. ಪ್ಲೇಟ್‌ಲೆಟ್ ಅನ್ನುವ ರಕ್ತದ ಚಿಕ್ಕ ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಮಾಡುತ್ತವೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುತ್ತೇವಲ್ಲ, ಮೇಣ ಅಂಟಬಾರದು ಅಂತ, ಹೆಚ್ಚುಕಡಿಮೆ ಆ ಕೆಲಸ. ನನ್ನ ವಿದ್ಯಾರ್ಥಿಗಳಿಗೆ ಇದೊಂದು ಹೋಲಿಕೆ ಮರೆತುಹೋಗುವುದಿಲ್ಲ. ರೋಗಿಗಳಿಗೆ ಹೇಳಲು ಮಾತ್ರ ಈಗ ಹೆದರಿಕೆ. ಹಲಸಿನ ಹಣ್ಣು ತಿನ್ನಬಾರದಾ ಅಂತ ಕೇಳಿದರೆ?

ಎರಡನೆಯದು ‘ಬಿಡು’. ಇದರಲ್ಲಿ ತಪ್ಪು ಪೂರ್ತಿ ನನ್ನದೇ.

ದಮ್ಮಿನ ರೋಗಿಗಳಿಗೆ ಸಾಮಾನ್ಯವಾಗಿ ಎರಡು ಇನ್ಹೇಲರ್ ಇರುತ್ತವೆ. ನೀಲಿಯದ್ದು ಸಾಲ್ಬುಟಮಾಲ್. ಮುಚ್ಚಿಕೊಂಡ ಉಸಿರಿನ ನಾಳವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಇನ್ನೊಂದು ಸ್ಟಿರಾಯ್ಡ್. ಅದು ನಾಳದ ಒಳಗಿನ ಬಾವು ಇಳಿಸುವಂಥದ್ದು. ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲ. ಆದರೂ ದಿನಾ ಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಇಲ್ಲದಿದ್ದರೆ ಬಾಯೊಳಗೆ ಬಿಳಿ ಪೊರೆ ಥರ ಬೂಷ್ಟು ಬರಬಹುದು.

ಪುತ್ತೂರು ಕಡೆಯ ಅಡಿಕೆ ತೋಟದಲ್ಲಿ ಕೆಲಸ ಮಾಡುವವರೊಬ್ಬರಿಗೆ ನಾನು ಹೇಳಿದ್ದು ಇಷ್ಟು: “ಉಸಿರು ಸರಿ ಇದ್ದರೆ ನೀಲಿಯದ್ದು ಬಿಡಿ. ಆದರೆ ಇನ್ನೊಂದನ್ನು ಯಾವ ಕಾರಣಕ್ಕೂ ಬಿಡಬೇಡಿ.”

ಈಗ ಇದನ್ನು ಅಡಿಕೆಯವರ ಕಿವಿಯಿಂದ ಕೇಳಿ. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದಕ್ಕೆ ನಮ್ಮಲ್ಲಿ ‘ಮದ್ದು ಬಿಡುವುದು’ ಅಂತಲೇ ಹೆಸರು. ಕಣ್ಣಿಗೆ ಮದ್ದು ‘ಬಿಡುವುದು’ ಅಂದರೂ ಹಾಕುವುದೇ. ನಾನು ‘ನಿಲ್ಲಿಸಿ’ ಅಂದದ್ದು ಅವರಿಗೆ ‘ಸಿಂಪಡಿಸಿ’ ಅಂತ ಕೇಳಿಸಿತು. ಒಂದೂವರೆ ತಿಂಗಳು ನೀಲಿಯದ್ದನ್ನು ದಿನಾ ಬಿಟ್ಟರು. ಸ್ಟಿರಾಯ್ಡಿನ ಇನ್ಹೇಲರ್ ಕಪಾಟಿನಲ್ಲಿ ಪೆಟ್ಟಿಗೆ ಸಮೇತ ಹೊಸದಾಗಿಯೇ ಇತ್ತು. ಏದುಸಿರು ಬಿಡುತ್ತಾ ವಾಪಸು ಬಂದರು. “ನೀವೇ ಬಿಡಬೇಡಿ ಅಂದದ್ದು” ಅಂದರು. ಏನು ಉತ್ತರ ಕೊಡಲಿ?

ಆಮೇಲಿಂದ ನನ್ನ ತರಗತಿಯಲ್ಲಿ ಮದ್ದಿನ ಜೊತೆ ‘ಬಿಡು’ ನಿಷೇಧ. ನಿಲ್ಲಿಸಿ, ಎಳೆಯಿರಿ, ಹಾಕಿ, ಇಷ್ಟೇ. ‘ಬಿಡಿ’ ಅನ್ನುವುದು ಉಸಿರಿಗೆ ಮಾತ್ರ: ಮೊದಲು ಉಸಿರು ಪೂರ್ತಿ ಬಿಡಿ, ಇನ್ಹೇಲರ್ ಒತ್ತುತ್ತಾ ನಿಧಾನ ಎಳೆಯಿರಿ, ಹತ್ತು ಎಣಿಸುವ ತನಕ ಹಿಡಿದಿಡಿ. ನಮ್ಮಲ್ಲಿ ಕೇರಳದ ಮಕ್ಕಳು ಜಾಸ್ತಿ, ಕನ್ನಡವನ್ನೂ ತುಳುವನ್ನೂ ಇಲ್ಲಿ ಬಂದ ಮೇಲೆ ಕಲಿಯುವವರು. ಮದ್ದು, ತುಳುವಿನ ಮರ್ದ್, ಮಲಯಾಳದ ಮರುನ್ನ್ ಎಲ್ಲ ಅಕ್ಕತಂಗಿಯರೇ, ಹಾಗಾಗಿ ಆ ಪದ ಅವರಿಗೆ ಸುಲಭ. ‘ಬಿಡು’ ಮಾತ್ರ ಕಬ್ಬಿಣದ ಕಡಲೆ.

ಮದ್ದು ಅನ್ನುವ ಪದವೂ ಸಾಮಾನ್ಯದ್ದಲ್ಲ ನೋಡಿ. ಬಂದೂಕಿಗೂ ಮದ್ದು, ಪಟಾಕಿಗೂ ಮದ್ದು, ಇಲಿಗೂ ಮದ್ದು. ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದೇ ಇಲಿಮದ್ದಾಗಿ. ಮನುಷ್ಯರಿಗೆ ಕೊಡಲು ಶುರು ಮಾಡಿದ್ದು 1954ರಲ್ಲಿ. ಅದಕ್ಕೂ ಹಿಂದೆ ಅಮೆರಿಕ, ಕೆನಡಾ ಕಡೆ ಬೂಷ್ಟು ಹಿಡಿದ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. ಆ ಹುಲ್ಲಿನಲ್ಲಿ ಏನಿದೆ ಅಂತ ಹುಡುಕಿದ್ದರಿಂದ ಈ ಜಾತಿಯ ಮದ್ದು ಹುಟ್ಟಿತು. ಮಕ್ಕಳಿಗೆ ಈ ಕಥೆ ಹೇಳುತ್ತೇನೆ. ಅಜ್ಜಿಗೆ ಖಂಡಿತ ಹೇಳಿಲ್ಲ.

‘ದಮ್ಮು’ ಬಗ್ಗೆ ಬರೆಯಲು ಹೊರಟರೆ ಬೇರೆ ಪತ್ರವೇ ಬೇಕು. ಉಬ್ಬಸಕ್ಕೂ ಅದೇ, ಬೀಡಿ ಎಳೆಯುವುದಕ್ಕೂ ಅದೇ, ಧೈರ್ಯಕ್ಕೂ ಅದೇ.

ಮೂರನೆಯದು ಚಿಕ್ಕದು. ಕಾಲು ಊದಿಕೊಂಡವರಿಗೆ, ಶ್ವಾಸಕೋಶದಲ್ಲಿ ನೀರು ನಿಂತವರಿಗೆ ಕೊಡುವ ಫ್ರುಸೆಮೈಡ್. ಎಲ್ಲರ ಬಾಯಲ್ಲೂ ‘ನೀರಿನ ಮಾತ್ರೆ’. ಒಬ್ಬರು ಅಜ್ಜನಿಗೆ ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಬೇಡ ಅಂತ ಹೇಳಿತ್ತು. ಅವರು ಆ ಮಾತ್ರೆಯ ಮೇಲೆ ಎರಡು ಚೆಂಬು ನೀರು ಕುಡಿಯುತ್ತಿದ್ದರು. ನೀರಿನ ಮಾತ್ರೆ ಅಲ್ವಾ, ನೀರು ಜಾಸ್ತಿ ಬೇಕು ಅಂತ. ಈಗ ನಾವು ‘ನೀರು ಇಳಿಸುವ ಮಾತ್ರೆ’ ಅನ್ನುತ್ತೇವೆ. ಜ್ವರ ಇಳಿಯುತ್ತದೆ, ಬಾವು ಇಳಿಯುತ್ತದೆ, ನೀರೂ ಇಳಿಯುತ್ತದೆ. ಇದುವರೆಗೆ ಯಾರೂ ತಪ್ಪು ತಿಳಿದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಹೆಸರು ಜನರೇ ಇಟ್ಟದ್ದು: ‘ನಾಲಗೆ ಅಡಿಯ ಮಾತ್ರೆ’. ಎದೆನೋವು ಬಂದಾಗ ಇಟ್ಟುಕೊಳ್ಳುವ ಸಾರ್ಬಿಟ್ರೇಟ್. ಅದು ಮೈಯೊಳಗೆ ಏನು ಮಾಡುತ್ತದೆ ಅಂತ ಆ ಹೆಸರು ಹೇಳುವುದಿಲ್ಲ. ನೀವು ಏನು ಮಾಡಬೇಕು ಅಂತ ಹೇಳುತ್ತದೆ. ಅದನ್ನು ನೀರು ಕುಡಿದು ನುಂಗಿದವರನ್ನು ನಾನು ನೋಡಿಲ್ಲ. ಅಸಿಟ್ರಾಮಿಗೂ ಇಂಥ ಹೆಸರು ಸಿಕ್ಕರೆ ಚೆನ್ನ. ‘ಕವಾಟದ ಮಾತ್ರೆ’ ಅಂತ ಯೋಚಿಸಿದೆ. ಆದರೆ ಕವಾಟ ಬದಲಿಸದವರಿಗೂ, ಎದೆಬಡಿತ ತಾಳ ತಪ್ಪಿದವರಿಗೂ, ಕಾಲಿನ ರಕ್ತನಾಳ ಕಟ್ಟಿದವರಿಗೂ ಇದನ್ನೇ ಕೊಡುತ್ತಾರೆ. ‘ಪರೀಕ್ಷೆ ಮಾತ್ರೆ’? ರಕ್ತಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳಬೇಕು ಅನ್ನುವುದಾದರೂ ನೆನಪಿರುತ್ತದೆ. ಆದರೆ ಎಸ್ಸೆಸ್ಸೆಲ್ಸಿ ಮಕ್ಕಳು ನುಂಗುವ ಮಾತ್ರೆಯ ಹಾಗೆ ಕೇಳಿಸುತ್ತದೆ.

ಹಾಗಾಗಿ ಕೇಳುತ್ತಿದ್ದೇನೆ. ಕುಂದಾಪುರ, ಮಡಿಕೇರಿ, ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು ಈ ಮಾತ್ರೆಗೆ ಏನಂತಾರೆ? ‘ಗರಣೆ’ ನಿಮ್ಮಲ್ಲಿ ಇನ್ನೂ ಬಳಕೆಯಲ್ಲಿದೆಯಾ, ರಕ್ತಕ್ಕೂ ಹೇಳುತ್ತಾರಾ? ಹೆಪ್ಪು ಬಿಟ್ಟು, ಮೊಸರಿನ ಸುದ್ದಿ ಬಾರದ ಬೇರೆ ಮಾತು ಇದೆಯಾ? ನಿಘಂಟಿನ ಪದ ಬೇಡ. ಅಜ್ಜಿ ಒಬ್ಬರ ಎದುರು ಹೇಳಿ ನೋಡಿದ ಪದ ಬೇಕು.

ಬಂಟ್ವಾಳದ ಅಜ್ಜಿ ಮುಂದಿನ ಬುಧವಾರ ಮತ್ತೆ ರಕ್ತಪರೀಕ್ಷೆಗೆ ಬರುತ್ತಾರೆ. ಅದರೊಳಗೆ ಯಾರಾದರೂ ಬರೆದರೆ ಉಪಕಾರ.