ಅಪ್‌ಡೇಟ್: ನೇರಳೆ ಎಲೆ ಕ್ರ್ಯಾಬ್‌ಆಪಲ್ ಹಸಿರಾಗ್ತಿದ್ದಿದ್ದು ಯಾಕೆ ಅಂತ ಗೊತ್ತಾಯ್ತು

ಇಲ್ಲಿ ಓಹಾಯೋದಲ್ಲಿ ನಮ್ಮನೆ ಹಿತ್ತಲಲ್ಲಿ ಬಿಳಿ ಹೂವಿನ ಸಾರ್ಜೆಂಟ್ ಕ್ರ್ಯಾಬ್‌ಆಪಲ್ (ಪುಟ್ಟ ಹಣ್ಣು ಬಿಡೋ ಒಂಥರಾ ಸೇಬಿನ ಮರ) ಆರಾಮಾಗಿದೆ, ಕುಂಡದಲ್ಲಿರೋ ನೇರಳೆ ಎಲೆಯ ರಾಯಲ್ಟಿ ಅನ್ನೋ ತಳಿಯ ಸಸಿ ಮಾತ್ರ ನೇರಳೆ ಬಣ್ಣ ಹೋಗಿ ಹಸಿರಾಗ್ತಿದೆ ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು. ಕೆಲವರು ಗೊಬ್ಬರ ಹಾಕಿ ಅಂದ್ರು, ಹಾಕ್ದೆ, ಕಡ್ಡಿ ಸೊರಗಿ ಉದ್ದ ಬೆಳೀತು ಅಷ್ಟೇ. ಕೆಲಸ ಮಾಡಿದ್ದು ಮೇಪಲ್ ಮರದ ನೆರಳಿಂದ ಎತ್ತಿ ಬಿಸಿಲಿಗಿಡಿ ಅಂದವರ ಸಲಹೆ, ಥ್ಯಾಂಕ್ಸ್ ಗುರು! ದಿನಕ್ಕೆ 6 ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬೀಳೋ ಕಡೆ ಸರಿಸಿದ್ಮೇಲೆ ಹಳೇ ಎಲೆ ಹಾಗೇ ಇವೆ, ಆದ್ರೆ ಹೊಸ ಚಿಗುರು ಕಡು ನೇರಳೆ, ಮಿರಮಿರ ಅಂತಿದೆ.

ಮಜಾ ಇದ್ದಿದ್ದು ಬಿಸಿನೀರಿನ ಪ್ರಯೋಗ. ನೇರಳೆ ಎಲೆ ಒಂದನ್ನ ಕುದಿಯೋ ನೀರಿಗೆ ಹಾಕಿದ್ರೆ ಕೆಂಪೆಲ್ಲ ನೀರಿಗೆ ಬಿಟ್ಕೊಂಡು ಎಲೆ ಹಸಿರಾಗಿ ಕೂತ್ಕೊಳ್ತು! ಅಂದ್ರೆ ಎಲೆಗೆ ಹಸಿರು ಕೊಡೋ ಕ್ಲೋರೋಫಿಲ್ ಇದ್ದೇ ಇರುತ್ತೆ, ಕೆಂಪು-ನೇರಳೆ ಬಣ್ಣ ಕೊಡೋ ಆಂಥೋಸಯನಿನ್ ಅದನ್ನ ಮರೆಮಾಡಿರುತ್ತೆ, ಮೇಲಾಗಿ ಒಂದಿಷ್ಟು ಬೆಳಕನ್ನ ತಾನೇ ಹೀರ್ಕೊಂಡು ದ್ಯುತಿಸಂಶ್ಲೇಷಣೆಗೆ ಸಿಗದ ಹಾಗೆ ಮಾಡುತ್ತೆ. ನೆರಳಲ್ಲಿ ಈ ಆಂಥೋಸಯನಿನ್ನೇ ಕಮ್ಮಿ ಆಗೋದು. ಹಸಿರೆಲೆ ಸಾರ್ಜೆಂಟ್‌ಗೆ ಬಣ್ಣದ ತಲೆನೋವಿಲ್ಲ, ಆದ್ರೂ ಹೂ ಬೇಕಂದ್ರೆ ಅದಕ್ಕೂ ಬಿಸಿಲೇ ಬೇಕು. ಮುಂದಿನ ವಸಂತದ ಹೂಮೊಗ್ಗು ಈ ಬೇಸಿಗೇಲೇ ಕಟ್ಟೋದ್ರಿಂದ ಕುಂಡ ಇನ್ನು ಅಲ್ಲಿಂದ ಅಲ್ಲಾಡಿಸಲ್ಲ.