ರಾಯಚೂರಿನ ಬಿಸಿಲಲ್ಲಿ ಫೋಲ್ಡಿಂಗ್ ಅಟ್ ಹೋಮ್‌ಗೆ ಯಾವ ಯಂತ್ರ?

ಪ್ರಶ್ನೆ (ರಾಯಚೂರು):
ಅಮ್ಮನಿಗೆ ಅಲ್ಜೈಮರ್. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ ಅನ್ನೋ ಲೆಕ್ಕವನ್ನು ತುಂಡು ತುಂಡಾಗಿ ಜನರ ಕಂಪ್ಯೂಟರ್‌ಗಳಿಗೆ ಇಂಟರ್ನೆಟ್‌ನಲ್ಲಿ ಹಂಚಿ ಮಾಡಿಸುವ ಸಂಶೋಧನಾ ಯೋಜನೆ ಫೋಲ್ಡಿಂಗ್ ಅಟ್ ಹೋಮ್, ಈ ಕಾಯಿಲೆಯ ಮೇಲೂ ಕೆಲಸ ಮಾಡುತ್ತದೆ. ಅದಕ್ಕೆ ನನ್ನ ಕೈಲಾದಷ್ಟು ಕೊಡಬೇಕು. ಈಗ ಲ್ಯಾಪ್‌ಟಾಪ್‌ನಲ್ಲಿ ನಡೆಸುತ್ತಿದ್ದೇನೆ. ಹತ್ತು ನಿಮಿಷಕ್ಕೆ ಕೀಬೋರ್ಡ್ ಮುಟ್ಟೋಕಾಗಲ್ಲ, ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಹೊಸದಾಗಿ ಕಂಪ್ಯೂಟರ್ ಕಟ್ಟಿಸಿದರೆ ದುಡ್ಡು ಪ್ರೊಸೆಸರ್‌ಗೆ ಹಾಕಲೋ, ಗ್ರಾಫಿಕ್ಸ್ ಕಾರ್ಡಿಗೋ?

ಉತ್ತರ (ಸಿಂಧನೂರು):
ಕಾರ್ಡಿಗೇ ಹಾಕಿ ಅಣ್ಣ. ಫೋಲ್ಡಿಂಗ್‌ನಲ್ಲಿ ಸಾಧಾರಣ ಕಾರ್ಡ್ ಕೂಡ ಪ್ರೊಸೆಸರ್‌ಗಿಂತ ಎಷ್ಟೋ ಪಾಲು ಜಾಸ್ತಿ ಕೆಲಸ ಮಾಡುತ್ತದೆ. ಇಂಥದ್ದೇ ಇನ್ನೊಂದು ಯೋಜನೆ ರೊಸೆಟ್ಟಾ ಅಟ್ ಹೋಮ್ ಆಗಿದ್ದರೆ ಮಾತು ಬೇರೆ, ಅದು ನಡೆಯುವುದು ಪ್ರೊಸೆಸರ್ ಮೇಲೆ.

ಉತ್ತರ (ಶಕ್ತಿನಗರ):
ಕರೆಂಟ್ ಲೆಕ್ಕ ಮೊದಲು ಹಾಕಿ. ಆರ್‌ಟಿಎಕ್ಸ್ 3060 ಕಾರ್ಡೊಂದೇ 170 ವ್ಯಾಟ್. ಇಡೀ ಯಂತ್ರ 250 ಅಂತಿಟ್ಟುಕೊಳ್ಳಿ. ಹಗಲು ರಾತ್ರಿ ಓಡಿದರೆ ದಿನಕ್ಕೆ 6 ಯೂನಿಟ್, ತಿಂಗಳಿಗೆ 180. ಮನೆಯ ಫ್ಯಾನು, ಫ್ರಿಜ್ಜು ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತದೆ. ನಾನು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ನಡೆಸುತ್ತೇನೆ. ಕಾರ್ಡಿನ ಪವರ್ ಮಿತಿಯನ್ನು 70 ಶೇಕಡಾಕ್ಕೆ ಇಳಿಸಿದ್ದೇನೆ. ಬಿಸಿ ಚೆನ್ನಾಗಿ ಇಳಿಯಿತು, ಕೆಲಸ ಅಷ್ಟೇನೂ ಕಡಿಮೆಯಾಗಲಿಲ್ಲ. ಗಾಳಿ ಆಡುವ ಜಾಲರಿ ಮುಖದ ಕ್ಯಾಬಿನೆಟ್ ತಗೊಳ್ಳಿ, ಗಾಜಿನ ಮುಖದ್ದು ಬೇಡವೇ ಬೇಡ. ನಮ್ಮ ಧೂಳಿಗೆ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಬ್ರಷ್ ಆಡಿಸಲೇಬೇಕು. ಏಪ್ರಿಲ್, ಮೇ ಎರಡು ತಿಂಗಳು ನಾನು ಪೂರ್ತಿ ನಿಲ್ಲಿಸುತ್ತೇನೆ. ಲ್ಯಾಪ್‌ಟಾಪ್‌ಗೆ ಮಾತ್ರ ಇವತ್ತೇ ಬಿಡುವು ಕೊಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು ಅಣ್ಣಾ. ಬೆಳಗ್ಗೆ ಆರಕ್ಕೆ ಕೆಲಸ ಅರ್ಧದಲ್ಲಿದ್ದರೆ?

ಉತ್ತರ (ಶಕ್ತಿನಗರ):
ಫೋಲ್ಡಿಂಗ್ ತಂತ್ರಾಂಶದಲ್ಲಿ 'ಫಿನಿಶ್' ಒತ್ತಿ. ಕೈಲಿರುವ ಲೆಕ್ಕದ ತುಂಡು ಮುಗಿಸಿ, ಹೊಸದು ತರಿಸದೆ ನಿಲ್ಲುತ್ತದೆ. ಪ್ರತಿ ತುಂಡಿಗೂ ಗಡುವು ಇರುತ್ತದೆ, ಸುಮ್ನೆ ಅರ್ಧಕ್ಕೆ ಬಿಡಬೇಡಿ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ.