ಅಪ್‌ಡೇಟ್: ಕುಟುಂಬಕ್ಕೊಂದು ಎಲೆಕ್ಟ್ರಿಕ್ ಎಸ್‌ಯುವಿ, ಕೊನೆಗೂ ತೀರ್ಮಾನವಾಯಿತು

ಐದು ಜನರ ನಮ್ಮ ಕುಟುಂಬಕ್ಕೆ ದೊಡ್ಡ ಬ್ಯಾಟರಿಯ ಎಲೆಕ್ಟ್ರಿಕ್ ಎಸ್‌ಯುವಿಯೇ ಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕೊನೆಗೆ 60 ಕಿಲೋವ್ಯಾಟ್-ಅವರ್ ಸಾಮರ್ಥ್ಯದ, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ) ಬ್ಯಾಟರಿಯ ವಾಹನವನ್ನು ಆರಿಸಿಕೊಂಡೆವು.

ತೀರ್ಮಾನಕ್ಕೆ ಕಾರಣವಾದದ್ದು ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಅಲ್ಲ, ಹಿಂದಿನ ಸೀಟು. ಬ್ಯಾಟರಿ ತಳಭಾಗದಲ್ಲಿರುವುದರಿಂದ ಕೆಲವು ವಾಹನಗಳಲ್ಲಿ ಕಾಲಿಡುವ ಜಾಗವೇ ಎತ್ತರವಾಗಿ, ಅಮ್ಮನ ಮೊಣಕಾಲುಗಳು ಮೇಲೆದ್ದು, ತೊಡೆಗೆ ಸೀಟಿನ ಆಸರೆ ಸಿಗುತ್ತಿರಲಿಲ್ಲ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗದ ಈ ತೊಂದರೆ, ಮುಕ್ಕಾಲು ಗಂಟೆ ಓಡಿಸಿದಾಗ ಸ್ಪಷ್ಟವಾಯಿತು. ಮಕ್ಕಳ ಎರಡು ಸೀಟುಗಳನ್ನೂ ಮನೆಯಿಂದಲೇ ಒಯ್ದು ಅಳವಡಿಸಿ ನೋಡಿದೆವು (ಷೋರೂಮಿನವರಿಗೆ ಇದು ತುಸು ಅತಿಯೆನಿಸಿರಬೇಕು). ಅವುಗಳ ನಡುವೆ ಅಮ್ಮ ಆರಾಮವಾಗಿ ಕೂರುವಷ್ಟು ಜಾಗ ಉಳಿದದ್ದು ಇದೊಂದರಲ್ಲೇ.

ಮನೆಯ 7.4 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಖಾಲಿ ಬ್ಯಾಟರಿ ತುಂಬಲು ಸುಮಾರು ಒಂಬತ್ತು ಗಂಟೆ ಹಿಡಿಯುತ್ತದೆ. ರಾತ್ರಿಯಿಡೀ ನಿಂತೇ ಇರುವ ವಾಹನಕ್ಕೆ ಅದು ಸಾಕು. ಹೆದ್ದಾರಿಯಲ್ಲಿ ಮಾತ್ರ, ವೇಗ ಹೆಚ್ಚಿದಷ್ಟೂ ಗಾಳಿಯ ಪ್ರತಿರೋಧ ಏರುವುದರಿಂದ, ಘೋಷಿತ ರೇಂಜ್ ಕೈಗೆ ಸಿಗುವುದಿಲ್ಲ. ಫಾಸ್ಟ್ ಚಾರ್ಜರ್‌ನಲ್ಲಿಯೂ ಶೇ. 80 ದಾಟಿದ ಮೇಲೆ ಚಾರ್ಜಿಂಗ್ ವೇಗ ಕುಸಿಯುತ್ತದೆಯಾದ್ದರಿಂದ, ಅಷ್ಟಕ್ಕೇ ಕೇಬಲ್ ಕಳಚಿ ಹೊರಡುವುದನ್ನು ರೂಢಿಸಿಕೊಂಡಿದ್ದೇವೆ.